ಮದುವೆಯ ರೀಲು

ಅರುಣಕುಮಾರ್ ನಮ್ಮ ಪಡಸಾಲೆಗೆ ಕಾಲಿಟ್ಟಾಗ ಅವ್ವ ಎದ್ದು ನಿಂತಳು. ಎಂಬತ್ತು ದಾಟಿದ ಮೇಲೆ ಅವ್ವ ಯಾರಿಗೂ ಎದ್ದವಳಲ್ಲ. ಓಟು ಕೇಳಲು ದೊಡ್ಡ ಮನುಷ್ಯರು ಬಂದಾಗಲೂ ಕೂತಲ್ಲಿಂದಲೇ "ಅಲ್ಲೇ ಕುಂದ್ರಪ್ಪ" ಅಂದಿದ್ದಳು. ಈ ಹುಡುಗನಿಗೆ ಮಾತ್ರ ಗೋಡೆ ಹಿಡಿದುಕೊಂಡು ಎದ್ದಳು. ಅವನ ರೂಪ ನೋಡಿ ಅಲ್ಲ, ಮನೆತನ ನೋಡಿಯೂ ಅಲ್ಲ. ಅವನು ಹಡಗಿನಲ್ಲಿ ಕೆಲಸ ಮಾಡುತ್ತಾನೆ ಅನ್ನುವುದೊಂದೇ ಅವಳಿಗೆ ಸಾಕಾಗಿತ್ತು.

"ಹಡಗಿನ ಮಂದಿ ಮಾತು ತಪ್ಪಂಗಿಲ್ಲ, ನನಗ ಗೊತ್ತೈತಿ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

"ನೀ ಯಾವಾಗ ಹಡಗು ನೋಡೀಯವ್ವ?"

"ನೋಡೀನಿ. ನಮ್ಮಪ್ಪ ತೋರಿಸ್ಯಾನ."

ಅವಳು ಹೇಳಿದ್ದು ಸುಳ್ಳೇನಲ್ಲ. ಅವ್ವನ ಅಪ್ಪ ಶಿವಯೋಗಪ್ಪ ಟೆಂಟು ಸಿನಿಮಾದವನು. ಮಾತಾಡುವ ಸಿನಿಮಾ ಬಂದು ಎಷ್ಟೋ ವರ್ಷಗಳಾದ ಮೇಲೂ ಕರೆಂಟಿಲ್ಲದ ಹಳ್ಳಿಗಳಿಗೆ ಒಂದು ಹಳೆಯ ಮೂಕಿ ಚಿತ್ರವನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ತಿರುಗಿದವನು. ಕೈಯಿಂದ ತಿರುಗಿಸುವ ಯಂತ್ರ, ನಾಲ್ಕು ಡಬ್ಬಿ ರೀಲು, ಒಂದು ಟೆಂಟು, ಇಷ್ಟೇ ಅವನ ಆಸ್ತಿ. ಚಿತ್ರ ಯಾವ ದೇಶದ್ದೋ ಅವನಿಗೇ ಗೊತ್ತಿರಲಿಲ್ಲ. ನಡುನಡುವೆ ಬರುತ್ತಿದ್ದ ಇಂಗ್ಲಿಷ್ ಬರಹ ಓದಲು ಅವನಿಗೂ ಬರದು, ನೋಡುವವರಿಗೂ ಬರದು. ಹಾಗಾಗಿ ಪರದೆಯ ಪಕ್ಕದಲ್ಲಿ ನಿಂತು ಬಾಯಿಂದಲೇ ಕಥೆ ಕಟ್ಟಿ ಹೇಳುತ್ತಿದ್ದ. ಅವ್ವ ಅವನ ಒಬ್ಬಳೇ ಮಗಳು. ಮುಂದೆ ಟೆಂಟು ಮುಚ್ಚಿ, ಮನೆ ಅಳಿಯನಾಗಿ ಬಂದ ನಮ್ಮಪ್ಪ ಅದೇ ಬಟ್ಟೆ ಗಳಗಳಿಂದ ಶಾಮಿಯಾನದ ಅಂಗಡಿ ಶುರುಮಾಡಿದ. ಈಗ ಅದನ್ನು ನಮ್ಮಣ್ಣ ಗುರುಬಸವರಾಜ ನೋಡಿಕೊಳ್ಳುತ್ತಾನೆ. ಕೊಟ್ಟೂರಿನಲ್ಲಿ ಯಾರ ಮನೆಯ ಮದುವೆಯಾದರೂ ನೆರಳು ನಮ್ಮದೇ.

ಆ ಚಿತ್ರದಲ್ಲಿ ಒಬ್ಬ ನಾವಿಕ. ಅಜ್ಜ ಅವನಿಗೆ ಮೈಲಾರಿ ಅಂತ ಹೆಸರಿಟ್ಟಿದ್ದ, ಹುಡುಗಿಗೆ ಗಂಗಿ ಅಂತ. ಕಡಲು ಅಂದರೆ ಏನೆಂದು ಕೇಳಿದವರಿಗೆ, ಮೈಲಾರದ ಹೊಳೆ ತುಂಬಿ ಆಚೆ ದಡ ಕಾಣದೇ ಹೋದರೆ ಹೇಗೋ ಹಾಗೆ ಅನ್ನುತ್ತಿದ್ದನಂತೆ. ಮೊದಲ ರೀಲಿನಲ್ಲಿ ಮೈಲಾರಿ ತನ್ನ ತಂಗಿಯ ಊರಿನಲ್ಲಿ ಇರುತ್ತಾನೆ. ಹೂವಿನ ಕಸೂತಿಯ ಒಂದು ಶಾಲು ತಂಗಿಗೆ ಹೊದಿಸಿ, ಇದನ್ನು ನನ್ನ ಹೆಂಡತಿಗೆ ಇಟ್ಟಿರು ಅನ್ನುತ್ತಾನೆ. ಎರಡನೆಯದರಲ್ಲಿ ಗಂಗಿಯ ಊರಿಗೆ ಬರುತ್ತಾನೆ. ನಾಲ್ಕು ದಿನದಲ್ಲಿ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟಿರಲಾಗದಷ್ಟು ಪ್ರೀತಿ. ಮೂರನೆಯದರಲ್ಲಿ ದೋಣಿ, ಬಿರುಗಾಳಿ. ಗಂಗಿ ನೀರಿಗೆ ಬೀಳುತ್ತಾಳೆ, ಮೈಲಾರಿ ಹಿಡಿಯಲು ಕೈ ಚಾಚುತ್ತಾನೆ. ಕೊನೆಯ ರೀಲಿನಲ್ಲಿ ಮದುವೆ. ಮೈಲಾರಲಿಂಗ ಹುಡುಗಿಯನ್ನು ನೀರಿನಿಂದ ಎತ್ತಿ ಕೊಟ್ಟಿದ್ದಾನೆ, ತಂಗಿಯ ಶಾಲು ಅವಳ ಹೆಗಲ ಮೇಲಿದೆ, ಗಂಟೆ ಅಲ್ಲಾಡುತ್ತಿದೆ. ಅಜ್ಜ ಮಂಗಳ ಹಾಡಿ ದೀಪ ಹಚ್ಚುತ್ತಿದ್ದ.

ಪಕ್ಕದ ಉಜ್ಜಿನಿಯಲ್ಲಿ ಈ ಚಿತ್ರವನ್ನು ಮೊಟ್ಟಮೊದಲು ತೋರಿಸಿದಾಗ ಜನ ಎದ್ದು ಹೋಗಲೇ ಇಲ್ಲವಂತೆ. "ಮದಿವಿ ಇನ್ನೊಮ್ಮಿ ತೋರ್ಸು" ಅಂತ ಹಟ ಹಿಡಿದು ಕೂತರಂತೆ. ಅಜ್ಜ ಮತ್ತೆ ಆ ರೀಲು ಹಾಕಿದ ಮೇಲೆಯೇ ಮನೆಗೆ ಹೋದದ್ದಂತೆ. ಅವ್ವ ಆಗ ಅಪ್ಪನ ಕಾಲ ಬಳಿ ಕೂತಿದ್ದ ಪುಟ್ಟ ಹುಡುಗಿ. ಇದನ್ನು ಹೇಳುವಾಗಲೆಲ್ಲ ಅವಳ ಮುಖ ಅರಳುತ್ತಿತ್ತು. ನನಗೆ ಗಂಗಾಂಬಿಕಾ ಅಂತ ಹೆಸರು ಬಂದದ್ದೂ ಆ ಗಂಗಿಯಿಂದಲೇ. ನಾನು ಮದುವೆಯಾಗಲಿಲ್ಲ ಅನ್ನುವುದು ಬೇರೆ ಮಾತು.

ಅರುಣಕುಮಾರ್ ನೋಡಲು ಬಂದದ್ದು ಅಣ್ಣನ ಮಗಳು ಕೀರ್ತನಾಳನ್ನು. ತಾಯಿ ಹೋದಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಜಡೆ ಹಾಕಿ, ಬೈದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿ ಬೆಳೆಸಿದವಳು ನಾನು. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಸಂಜೆ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದದ್ದೇ ಅವಳಿಗಾಗಿ. ಅವಳೀಗ ಓದು ಮುಗಿಸಿ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ನಮ್ಮ ಓಣಿಯ ಹೆಂಗಸರೆಲ್ಲ ಅವಳ ಗಿರಾಕಿಗಳು.

ಸಂಬಂಧ ತಂದವಳು ಹರಪನಹಳ್ಳಿಯ ಮರುಳಸಿದ್ದಮ್ಮ, ಹುಡುಗನಿಗೆ ದೂರದ ಚಿಕ್ಕಮ್ಮ. ಅವನ ತಂದೆತಾಯಿ ಮುಂಬೈಗೆ ಹೋಗಿ ಅಲ್ಲೇ ತೀರಿಕೊಂಡರಂತೆ. ಅವಳೂ ಅವನನ್ನು ಚಡ್ಡಿ ಹಾಕುವ ವಯಸ್ಸಿನಲ್ಲಿ ನೋಡಿದ್ದು, ಮತ್ತೆ ನೋಡಿದ್ದು ಈ ಬೇಸಿಗೆಯಲ್ಲಿ. ಆಷಾಢ ಹತ್ತಿರ ಬಂದಿತ್ತು. ಆಷಾಢ ಹಿಡಿದರೆ ಮದುವೆ ಮಾಡುವಂತಿಲ್ಲ, ಶ್ರಾವಣ ಬರುವ ಹೊತ್ತಿಗೆ ಹುಡುಗ ಹಡಗು ಹತ್ತಿರುತ್ತಾನೆ. ಹೀಗಾಗಿ ಎಲ್ಲವೂ ಗಡಿಬಿಡಿ. ವರದಕ್ಷಿಣೆ ಬೇಡ ಅಂದ. ದೊಡ್ಡ ಮದುವೆ ಬೇಡ, ಮೈಲಾರದಲ್ಲಿ ಮನೆಮಟ್ಟಿಗೆ ಆಗಲಿ ಅಂದ. ನಮ್ಮಣ್ಣನ ಬಾಯಿ ಅಲ್ಲಿಗೇ ಮುಚ್ಚಿತು.

ಅವನು ಮಾತಾಡುತ್ತಿದ್ದದ್ದೇ ಕಡಿಮೆ. ಏನು ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದ, ಉಳಿದದ್ದನ್ನು ಯಾರಾದರೂ ತುಂಬಿಕೊಡುತ್ತಿದ್ದರು. ಒಂದು ಫೋಟೊ ತೆಗೆಯಲೂ ಬಿಡಲಿಲ್ಲ. ಮರುಳಸಿದ್ದಮ್ಮ "ಕಂಪನಿ ರೂಲ್ಸು ಹಂಗೈತಂತ" ಅಂದಳು. ಹುಡುಗಿಯನ್ನು ಕರೆದುಕೊಂಡು ಹೋಗುವ ಊರು ಒಮ್ಮೆ ಕೊಚ್ಚಿ ಆಯಿತು, ಇನ್ನೊಮ್ಮೆ ಕಾಕಿನಾಡ ಆಯಿತು. ಅಣ್ಣ "ಹಡಗು ಎಲ್ಲಿ ನಿಲ್ತೈತೋ ಅಲ್ಲಿ ಮನಿ ಮಾಡ್ತಾರ" ಅಂದ. ಹಡಗಿನ ಸ್ನೇಹಿತರು ಒಬ್ಬರೂ ಮದುವೆಗೆ ಬರುತ್ತಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವ್ವ "ನೀರಿನಾಗ ಇರಾವ್ರು ಹೆಂಗ ಬರ್ತಾರ?" ಎಂದು ನನ್ನನ್ನೇ ಗದರಿದಳು.

ನನ್ನ ಅನುಮಾನಕ್ಕೆ ಮನೆಯಲ್ಲಿ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. "ಗಂಗಾ, ನಿನಗ ಯಾವ ಗಂಡೂ ಒಪ್ಪಿಗಿ ಆಗ್ಲಿಲ್ಲ. ಹುಡುಗಿ ಬಾಳೇವು ಯಾಕ ಕೆಡಸ್ತಿ?" ಅಂದ ಅಣ್ಣ. ನಾನು ಮತ್ತೆ ವಾದಕ್ಕೆ ಇಳಿಯಲಿಲ್ಲ, ಏಕೆಂದರೆ ಕೀರ್ತನಾಳಿಗೆ ಅವನು ಹಿಡಿಸಿದ್ದ. ಹೊಲಿಗೆ ಯಂತ್ರದ ಮುಂದೆ ಕೂತು ತನ್ನಷ್ಟಕ್ಕೇ ನಗುತ್ತಿದ್ದಳು. ಇಪ್ಪತ್ತನಾಲ್ಕು ವರ್ಷದವಳ ನಗುವಿನ ಮೇಲೆ ತಣ್ಣೀರು ಸುರಿಯಲು ನನಗೆ ಮನಸ್ಸು ಬರಲಿಲ್ಲ.

ಅವನು ಅವಳಿಗೆ ಕೊಟ್ಟದ್ದು ಒಂದೇ ಉಡುಗೊರೆ. ಕಡುನೀಲಿ ರೇಷ್ಮೆ ಸೀರೆ, ಅದಕ್ಕೆ ಹೊಲಿಸಿಯೇ ತಂದ ಬ್ಲೌಸು, ತೋಳಿನ ತುದಿಯಲ್ಲಿ ಜರಿಯ ಹೂವು. ಮದುವೆಯ ಮುಂಜಾನೆ ಇದನ್ನೇ ಉಡಬೇಕು ಅಂದ. ಕೀರ್ತನಾ ತೊಟ್ಟು ನೋಡಿದಳು. ಒಂದು ನೂಲೂ ಆಚೀಚೆ ಇಲ್ಲದ ಹಾಗೆ ಕೂತಿತು. ಅವಳ ಅಳತೆಯನ್ನು ಯಾರೂ ಕೊಟ್ಟಿರಲಿಲ್ಲ.

"ಕಣ್ಣಾಗ ಅಳತಿ ತಗೊಂಡಾನ ನೋಡು!" ಅವ್ವ ಚಪ್ಪಾಳೆ ತಟ್ಟಿದಳು.

ಸಂಜೆ ಕೀರ್ತನಾ ಆ ಬ್ಲೌಸನ್ನು ಒಳಮಗ್ಗುಲು ಮಾಡಿ ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದಳು.

"ಅತ್ತಿ, ಇಲ್ನೋಡು. ಹೊಲಿಗಿ ಬಿಚ್ಚಿದ ಸೂಜಿ ಗುರುತು. ಒಂದಲ್ಲ, ಎರಡು ಸಾಲು. ಒಮ್ಮಿ ನನಗಿಂತ ಸಣ್ಣದು ಮಾಡ್ಯಾರ, ಒಮ್ಮಿ ದೊಡ್ಡದು ಮಾಡ್ಯಾರ. ಈಗಿಂದು ಮೂರನೇ ಹೊಲಿಗಿ."

ಬಟ್ಟೆಯ ಮೇಲೆ ಸಣ್ಣ ಸಣ್ಣ ತೂತುಗಳ ಎರಡು ಗೆರೆ. ನಾನು ಎರಡನ್ನೂ ಬೆರಳಿನಿಂದ ತಡವಿ ನೋಡಿದೆ. ಅಷ್ಟರಲ್ಲಿ ಮರುಳಸಿದ್ದಮ್ಮ ಒಳಗೆ ಬಂದು, "ಅಯ್ಯ, ಅಳತಿ ಗೊತ್ತಿಲ್ದ ಹೊಲಿಸಿದ್ರ ಟೇಲರ್ ಬಿಚ್ಚಿ ಬಿಚ್ಚಿ ಹೊಲೀತಾನವ್ವ, ನಿನಗ ಗೊತ್ತಿಲ್ಲೇನು?" ಅಂದಳು. ಕೀರ್ತನಾ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು, ಬ್ಲೌಸನ್ನು ಮಡಚಿ ಇಟ್ಟಳು.

ದೇವಸ್ಥಾನದಲ್ಲಿ ಮದುವೆಯ ಹೊತ್ತು ಗೊತ್ತುಮಾಡಲು ಮೈಲಾರಕ್ಕೆ ಹೋದೆವು. ಮೇಲೆಲ್ಲೋ ಮಳೆಯಾಗಿ ಹೊಳೆಗೆ ಹೊಸ ನೀರು ಬಂದಿತ್ತು, ಕೆಂಪಗೆ. ನಮ್ಮಣ್ಣ ಪೂಜಾರಿಯ ಬಳಿ ಮಾತಾಡುವಷ್ಟರಲ್ಲಿ ಅರುಣಕುಮಾರ್ ಕೀರ್ತನಾಳನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟಿದ್ದ. ತೆಪ್ಪದ ಓಬಳೇಶಪ್ಪ ದಡದಲ್ಲಿ ನಿಂತು "ಸರ, ನೀರು ಸೆಳೀತೈತಿ, ನಾ ಬರ್ತೀನಿ ತಡೀರಿ" ಎಂದು ಕೂಗುತ್ತಿದ್ದ. ಅರುಣಕುಮಾರ್ ತಿರುಗಿ ನೋಡಲಿಲ್ಲ. ನಡುನೀರಿನಲ್ಲಿ ತೆಪ್ಪ ಗಿರಗಿರ ತಿರುಗತೊಡಗಿತು. ಅವನು ಎದ್ದು ನಿಂತದ್ದು ಕಂಡಿತು. ಅವನ ಕೈ ಕೀರ್ತನಾಳ ಹೆಗಲ ಮೇಲಿದ್ದದ್ದೂ ಕಂಡಿತು. ನಾನು ದಡದಿಂದಲೇ ಅವಳ ಹೆಸರು ಹಿಡಿದು ಕಿರುಚಿದೆ. ನನ್ನ ದನಿಗೆ ದಡದ ಮೇಲೆ ಬಟ್ಟೆ ಒಗೆಯುತ್ತಿದ್ದವರೆಲ್ಲ ಎದ್ದು ನಿಂತರು. ಅವನು ನಿಧಾನಕ್ಕೆ ಕೂತು ಹುಟ್ಟು ಹಾಕಿದ.

ದಡಕ್ಕೆ ಬಂದಾಗ ಕೀರ್ತನಾಳ ಸೆರಗು ತೊಯ್ದಿತ್ತು, ತುಟಿ ಬಿಳುಚಿತ್ತು.

"ಏನಾತು?"

"ಏನಿಲ್ಲ ಅತ್ತಿ. ಚೇಷ್ಟಿ ಮಾಡಿದ್ರು."

"ಹುಡುಗಾಟಿಕಿ ವಯಸ್ಸು," ಅಂದ ಅಣ್ಣ. ಅರುಣಕುಮಾರ್ ನನ್ನ ಕಡೆ ನೋಡಿ ನಕ್ಕ. ಓಬಳೇಶಪ್ಪ ಮಾತ್ರ ನಗಲಿಲ್ಲ, ತೆಪ್ಪವನ್ನು ದಡದ ಮೇಲಕ್ಕೆ ಎಳೆದು ಬೋರಲು ಹಾಕಿದ.

ಆ ರಾತ್ರಿಯಿಂದ ನನಗೆ ನಿದ್ದೆ ಬರಲಿಲ್ಲ. ಆದರೆ ನನ್ನ ಕೈಯಲ್ಲಿ ಏನಿತ್ತು? ಸೂಜಿಯ ತೂತು, ತೊಯ್ದ ಸೆರಗು, ಇಷ್ಟು ಹಿಡಿದುಕೊಂಡು ಮದುವೆ ನಿಲ್ಲಿಸಲು ಹೋದರೆ ಎಲ್ಲರೂ ನನ್ನನ್ನೇ ಹುಚ್ಚಿ ಅನ್ನುತ್ತಿದ್ದರು.

ಇದರ ನಡುವೆ ಅವ್ವನ ಸಿನಿಮಾದ ಕೆಲಸವೂ ನಡೆದಿತ್ತು. ಅಟ್ಟದ ಮೇಲಿದ್ದ ನಾಲ್ಕು ಡಬ್ಬಿಗಳನ್ನು ನಾನು ಬೇಸಿಗೆ ರಜೆಯಲ್ಲೇ ಬೆಂಗಳೂರಿಗೆ ಒಯ್ದು ಹಳೆಯ ಫಿಲ್ಮು ಸರಿಮಾಡಿ ಕಂಪ್ಯೂಟರಿಗೆ ಇಳಿಸುವವರಿಗೆ ಕೊಟ್ಟು ಬಂದಿದ್ದೆ. ಸಾಯುವ ಮೊದಲು ಅವ್ವ ಇನ್ನೊಮ್ಮೆ ಅದನ್ನು ನೋಡಲಿ ಅಂತ ಆಸೆ. ಕೆಲಸ ಮುಗಿದಾಗ ಅಲ್ಲಿಯ ಹುಡುಗ ಫೋನು ಮಾಡಿದ. "ಮೇಡಂ, ನಿಮ್ಮ ಡಬ್ಬಿ ಮೇಲೆ ಪೇಂಟಲ್ಲಿ ಬರೆದಿರೋ ನಂಬರೇ ಬೇರೆ, ಫಿಲ್ಮಿನ ಒಳಗಿರೋ ನಂಬರೇ ಬೇರೆ. ನಾನು ಒಳಗಿರೋದನ್ನೇ ನಂಬಿ ಜೋಡಿಸಿದೀನಿ." ನಾನು ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ತಲೆತುಂಬ ಮೈಲಾರದ ನೀರೇ ಇತ್ತು. ಹಾಗೇ ಮಾಡಿ ಎಂದು ಫೋನಿಟ್ಟೆ.

ಮದುವೆಯ ಹಿಂದಿನ ದಿನ ಮನೆ ಮುಂದೆ ಹಂದರ ಹಾಕಿದೆವು. ಮಧ್ಯಾಹ್ನ ಊಟವಾದ ಮೇಲೆ ಶಾಮಿಯಾನದ ಗೋದಾಮಿನಲ್ಲಿ ಚಿತ್ರ ತೋರಿಸುವುದೆಂದಾಯಿತು. ನಮ್ಮ ಅಂಗಡಿಯ ಹುಲುಗೇಶ ಕಿಟಕಿಗಳಿಗೆ ದಪ್ಪ ಪರದೆ ಬಿಟ್ಟು, ಬಿಳಿ ಬಟ್ಟೆ ಬಿಗಿದು, ಪ್ರೊಜೆಕ್ಟರ್ ಜೋಡಿಸಿದ. ಹೊರಗೆ ಆಷಾಢಕ್ಕೆ ಮೊದಲೇ ಗಾಳಿ ಶುರುವಾಗಿತ್ತು. ತಗಡಿನ ಮಾಡು ಬಡಬಡ ಅನ್ನುತ್ತಿತ್ತು. ಮುಂದಿನ ಸಾಲಿನಲ್ಲಿ ಕೀರ್ತನಾ, ಅವಳ ಪಕ್ಕ ಅರುಣಕುಮಾರ್, ಆಚೆ ಮರುಳಸಿದ್ದಮ್ಮ, ಅಣ್ಣ, ನಾನು. ಹಿಂದೆ ಓಣಿಯ ಜನ. ಅವ್ವ ಪರದೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಮೈಕು ಹಿಡಿದು, ಥೇಟ್ ತನ್ನಪ್ಪನ ಹಾಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಕೇಳ್ರಪ್ಪ ಕೇಳ್ರಿ. ನಮ್ಮ ಮೈಲಾರಿ ತಂಗಿ ಊರಾಗ ಅದಾನ..."

ಪರದೆಯ ಮೇಲೆ ತಂಗಿ ಬರಲಿಲ್ಲ. ಹಡಗು ಬಂದು ನಿಂತಿತು, ನಾವಿಕ ಇಳಿದ, ಗಂಗಿ ಎದುರಾದಳು.

"ಇರ್ಲಿ, ಇದು ಎರಡನೇದು. ಮೊದಲ ಬಂದೈತಿ," ಎಂದು ಅವ್ವ ನಕ್ಕಳು, ಜನವೂ ನಕ್ಕರು. ಅವಳು ಕಥೆ ಮುಂದುವರಿಸಿದಳು. ಗಂಗಿ ಹೂವು ಕೊಟ್ಟಳು, ಮೈಲಾರಿ ಟೋಪಿ ತೆಗೆದ, ಇಬ್ಬರೂ ಕಲ್ಲಿನ ಮೇಲೆ ಕೂತರು. ಅವ್ವನ ದನಿಯಲ್ಲಿ ಎಂಟು ವರ್ಷದ ಹುಡುಗಿಯ ಸಂಭ್ರಮ. ಅದರ ಬೆನ್ನಿಗೇ ಮದುವೆ ಬಂತು. ಅವನು ಕಸೂತಿಯ ಶಾಲನ್ನು ಗಂಗಿಗೆ ಹೊದಿಸಿದ, ಗಂಟೆ ಅಲ್ಲಾಡಿತು. ಅವ್ವ ಮಂಗಳ ಹಾಡಿದಳು. ಹೆಂಗಸರು ದನಿಗೂಡಿಸಿದರು.

"ದೀಪ ಹಚ್ರಪ್ಪ, ಮುಗೀತು," ಅಂದಳು.

"ಅಮ್ಮಾರ, ಇನ್ನಾ ಐತ್ರಿ," ಅಂದ ಹುಲುಗೇಶ.

ದೋಣಿ ಬಂತು. ಗಂಗಿಯ ಮೈಮೇಲೆ ಅದೇ ಶಾಲು. ಈ ಚಿತ್ರವನ್ನು ನಾನು ಕಣ್ಣಾರೆ ನೋಡುತ್ತಿದ್ದದ್ದೇ ಅದು ಮೊದಲ ಸಲ. ಮದುವೆಯೇ ಆಗಿಲ್ಲದವಳ ಮೈಮೇಲೆ ತಂಗಿಯ ಶಾಲು ಹೇಗೆ ಬಂತು ಎಂದು ಅಜ್ಜನನ್ನು ಯಾರೂ ಕೇಳಿರಲಿಲ್ಲ. ಗಾಳಿ ಎದ್ದಿತು. ನಾವಿಕ ಮೊದಲು ಶಾಲನ್ನು ಅವಳ ಹೆಗಲಿಂದ ತೆಗೆದು ಜೋಪಾನವಾಗಿ ಮಡಚಿ ತನ್ನ ಅಂಗಿಯೊಳಗೆ ಇಟ್ಟುಕೊಂಡ. ಆಮೇಲೆ ಎದ್ದು ನಿಂತು ಅವಳ ಹೆಗಲ ಮೇಲೆ ಕೈಯಿಟ್ಟ.

"ಬೀಳ್ತಾಳಂತ ಹಿಡಿಯಾಕ ಹೋಗ್ಯಾನ," ಅಂದಳು ಅವ್ವ. "ಹಿಡಿಯಾಕ..."

ಅದು ಹಿಡಿಯುವ ಕೈಯಾಗಿರಲಿಲ್ಲ. ಗೋದಾಮಿನಲ್ಲಿದ್ದವರೆಲ್ಲ ಅದನ್ನು ನೋಡಿದರು. ಅವ್ವನ ಮಾತು ಅಲ್ಲಿಗೇ ನಿಂತುಹೋಯಿತು. ಗಂಗಿಯ ಕೈ ಒಮ್ಮೆ ನೀರಿನ ಮೇಲೆ ಬಂದು ಮತ್ತೆ ಕಾಣಲಿಲ್ಲ.

ಪರದೆ ಕಪ್ಪಾಗಿ, ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಅದನ್ನು ಓದಿ ಕನ್ನಡದಲ್ಲಿ ಹೇಳಿದವಳು ಕೀರ್ತನಾ. ಅವಳ ದನಿ ಗಟ್ಟಿಯಾಗಿತ್ತು.

"ಆರು ತಿಂಗಳಾದ ಮೇಲೆ, ಇನ್ನೊಂದು ಊರಿನ ಬಂದರಿನಾಗ."

ಅಜ್ಜ ತಂಗಿ ಅನ್ನುತ್ತಿದ್ದವಳು ಅಲ್ಲಿದ್ದಳು. ಅವಳು ತಂಗಿ ಆಗಿರಲಿಲ್ಲ. ನಾವಿಕ ಅಂಗಿಯೊಳಗಿಂದ ಶಾಲು ತೆಗೆದು ಅವಳಿಗೆ ಹೊದಿಸಿದ, ಅವಳು ನಾಚಿ ನಕ್ಕಳು, ಅವನು ಟೋಪಿ ತೆಗೆದ. ಚಿತ್ರ ಮುಗಿಯಿತು. ಎಪ್ಪತ್ತಕ್ಕೂ ಹೆಚ್ಚು ವರ್ಷ ನಮ್ಮ ಮನೆಯವರ ಬಾಯಲ್ಲಿ ಮಾತಾಡಿದ ಆ ಚಿತ್ರ ಅಂದು ಮೂಕಿಯಾಗಿಯೇ ಮುಗಿಯಿತು.

ಕೀರ್ತನಾ ಎದ್ದು ಮನೆಯೊಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಆ ನೀಲಿ ಬ್ಲೌಸಿತ್ತು, ಒಳಮಗ್ಗುಲು ಹೊರಗಾಗಿ. ಹುಲುಗೇಶ ಕಿಟಕಿಯ ಪರದೆ ಎತ್ತಿದ. ಅವಳು ನೇರ ಅರುಣಕುಮಾರನ ಮುಂದೆ ಬಂದು ನಿಂತಳು.

"ಇದು ಮೊದಲು ಯಾರಿಗೆ ಹೊಲಿಸಿದ್ದು?"

ಅವನು ನಕ್ಕ. ಯಾವಾಗಿನ ಹಾಗೆಯೇ ನಕ್ಕು ಚಿಕ್ಕಮ್ಮನ ಕಡೆ ನೋಡಿದ.

"ಅಯ್ಯ, ನಾ ಅವತ್ತ ಹೇಳ್ಲಿಲ್ಲೇನವ್ವ, ಆ ಟೇಲರ್..." ಎಂದು ಮರುಳಸಿದ್ದಮ್ಮ ಶುರುಮಾಡಿದಳು.

"ಸುಮ್ಕಿರು ಮರುಳಸಿದ್ದಮ್ಮ!" ಅವ್ವನ ದನಿ ಮೈಕಿನಲ್ಲಿ ಗುಡುಗಿತು. ಮೈಕು ಕೈಯಲ್ಲಿರುವುದು ಅವಳಿಗೆ ಮರೆತುಹೋಗಿತ್ತು. "ಯಾರೂ ಕತಿ ಹೇಳಬ್ಯಾಡ್ರಿ ಇನ್ನ. ನಾನೂ ಹೇಳಂಗಿಲ್ಲ. ಆತನ ಬಾಯಾಗ ಕೇಳೋಣು."

ಅವನು ಅಣ್ಣನ ಕಡೆ ನೋಡಿದ. ಅಣ್ಣ ತಲೆ ತಗ್ಗಿಸಿದ. ನನ್ನ ಕಡೆ ನೋಡಿದ. ಯಾರಾದರೂ ತನ್ನ ಪರವಾಗಿ ಮಾತು ತೆಗೆಯುತ್ತಾರೆ ಎಂದು ಕಾದ ಅಂತ ಕಾಣುತ್ತದೆ. ಯಾರೂ ತೆಗೆಯಲಿಲ್ಲ. ಆಗ ಅವನ ಮುಖದ ನಗು ಹೋಯಿತು. ಕೋಪವಾಗಲಿ ನಾಚಿಕೆಯಾಗಲಿ ಅಲ್ಲಿ ಬರಲಿಲ್ಲ. ಅಂಗಡಿ ಮುಚ್ಚುವವನ ಮುಖದ ಹಾಗಿತ್ತು ಅದು.

"ಸೀರಿನೂ ತಂದು ಕೊಡು," ಅಂದ. "ಮದಿವಿ ಬ್ಯಾಡಂದ್ರ ಅದು ನಿನ್ನ ಹತ್ರ ಯಾಕ?"

ಇವನು ಈ ಹೊಸ್ತಿಲು ದಾಟಿ ಹೋದರೆ ಸಾಕು, ನಮ್ಮ ಹುಡುಗಿ ಉಳಿದರೆ ಸಾಕು, ಬೇರೆ ಏನೂ ನನಗೆ ಹೊಳೆಯಲಿಲ್ಲ. ಒಳಗೆ ಓಡಿ ಸೀರೆ ತಂದು ಅವನ ಮುಂದೆ ಎಸೆದವಳು ನಾನೇ. ಅವನು ಅದನ್ನು ಎತ್ತಿ ಧೂಳು ಕೊಡವಿದ. ಕೀರ್ತನಾಳ ಕೈಯಿಂದ ಬ್ಲೌಸನ್ನು ತೆಗೆದುಕೊಂಡು, ತೋಳುಗಳನ್ನು ಒಳಗೆ ಸೇರಿಸಿ, ಹಳೆಯ ಮಡಿಕೆಯ ಮೇಲೆಯೇ ಮಡಿಕೆ ಬರುವ ಹಾಗೆ ಮಡಚಿ, ಸೀರೆಯ ನಡುವೆ ಇಟ್ಟ. ಎಷ್ಟು ಸಾವಧಾನವಾಗಿ ಮಡಚಿದನೆಂದರೆ ಓಣಿಯ ಜನವೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ನಾವು ಹಾಕಿದ್ದ ಉಂಗುರ, ಕೊಟ್ಟಿದ್ದ ವಾಚು ಎರಡನ್ನೂ ಕುರ್ಚಿಯ ಮೇಲೆ ಬಿಚ್ಚಿಟ್ಟ. ಬಾಡಿಗೆ ಕಾರಿನಲ್ಲಿ ಹಗರಿಬೊಮ್ಮನಹಳ್ಳಿಯ ರಸ್ತೆ ಹಿಡಿದು ಹೋದ.

ಅಣ್ಣ ಹಂದರದ ಗಳಗಳನ್ನು ತಾನೇ ಕೀಳಲು ನಿಂತ. ಯಾರೂ ಸಹಾಯಕ್ಕೆ ಬರಬೇಡಿ ಅಂದ. ಮರುಳಸಿದ್ದಮ್ಮ ಮೂಲೆಯಲ್ಲಿ ಕೂತು ಹಣೆ ಹಣೆ ಬಡಿದುಕೊಂಡಳು. "ನನಗೇನು ಗೊತ್ತಿತ್ತವ್ವ, ಚಿಕ್ಕಮ್ಮ ಅಂತ ಬಂದ, ನಾ ಒಳಗ ಕರದೆ," ಅನ್ನುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

ಅವ್ವ ಪರದೆಯ ಪಕ್ಕದ ಕುರ್ಚಿಯಿಂದ ಎದ್ದಿರಲಿಲ್ಲ. ನಾನು ಮೈಕು ತೆಗೆದುಕೊಂಡಾಗ ನನ್ನ ಕೈ ಹಿಡಿದುಕೊಂಡಳು.

"ಉಜ್ಜಿನ್ಯಾಗ ಮಂದಿ ಖುಷಿಯಾಗಿ ಇನ್ನೊಮ್ಮಿ ಕೇಳಲಿಲ್ಲ ಗಂಗಾ. ಈಗ ನೆನಪಾಗತೈತಿ. ಹೆಂಗಸ್ರು ಅಳಾಕ ಹತ್ತಿದ್ರು. ಬಯಲಾಟದಾಗ ಸತ್ತಾವ್ರೂ ಎದ್ದು ಬಂದು ಮಂಗಳ ಹಾಡ್ತಾರ, ಸಾವು ನೋಡಿ ಮನಿಗೆ ಹೆಂಗ ಹೋಗೂದು ಅಂತ ಗೌಡ್ರು ಜಗಳಕ್ಕ ನಿಂತ್ರು. ಅದಕ್ಕ ಅಪ್ಪ ಮದಿವಿ ರೀಲು ಹಾಕಿದ. ಮರದಿನ ಡಬ್ಬಿ ಮ್ಯಾಲಿನ ನಂಬರ್ ಅಳಿಸಿ ಬ್ಯಾರೆ ಬರದ. ಬಣ್ಣದ ಡಬ್ಬಿ ಹಿಡಕೊಂಡು ನಿಂತಾಕಿ ನಾನ."

ಅಜ್ಜನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಜನ ನೆಮ್ಮದಿಯಿಂದ ಮನೆಗೆ ಹೋಗಲಿ ಎಂದು ಅವನು ಮಾಡಿದ್ದು. ನಮ್ಮ ಮನೆಯಲ್ಲಿ ನಾವೆಲ್ಲ ಒಂದು ತಿಂಗಳಿಂದ ಮಾಡಿದ್ದೂ ಅದನ್ನೇ.

ಠಾಣೆಗೆ ಫೋನು ಮಾಡಿದೆ. ಆ ಕಡೆಯವರು ಸಮಾಧಾನವಾಗಿಯೇ ಕೇಳಿದರು. ಹೊಡೆದಾನೇನ್ರಿ? ಇಲ್ಲ. ಬಂಗಾರ, ರೊಕ್ಕ ಏನಾದ್ರೂ ಒಯ್ದಾನೇನ್ರಿ? ಇಲ್ಲ. ಮತ್ತೇನ್ರಿ? ತಾನು ಕೊಟ್ಟ ಸೀರೆ ಬ್ಲೌಸು ವಾಪಸು ಒಯ್ದಿದ್ದಾನೆ ಅಂದೆ. ಅದಕ್ಕ ಏನಂತ ಕೇಸು ಬರಕೊಳ್ಳೂದ್ರಿ? ಅಂದರು. ತೋರಿಸಲು ನಮ್ಮ ಬಳಿ ಇದ್ದ ಒಂದೇ ಒಂದು ವಸ್ತುವನ್ನು ನಾನೇ ಅವನ ಕಾಲಬಳಿ ಎಸೆದಿದ್ದೆನೆಂದು ಆಗ ಗೊತ್ತಾಯಿತು. ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣಕ್ಕೆ ಅಣ್ಣನನ್ನು ಓಡಿಸಿದೆ. ರೈಲು ಹೋಗಿಯಾಗಿತ್ತು. ಅವನು ಕೊಟ್ಟಿದ್ದ ಫೋನು ನಂಬರು ಆ ಸಂಜೆಯಿಂದಲೇ ಸತ್ತಿತ್ತು.

"ಅತ್ತಿ, ಅದನ್ನ ಯಾಕ ಕೊಟ್ವಿ?" ಎಂದು ಕೀರ್ತನಾ ಕೇಳಿದಳು.

ಮೂರು ದಿನ ಅವಳು ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೆಯ ದಿನ ನಾನು ಕಾಲೇಜಿನಿಂದ ಬರುವಾಗ ಯಂತ್ರದ ಸದ್ದು ಕೇಳಿಸಿ ಜೀವ ಬಂದ ಹಾಗಾಯಿತು. ಒಳಗೆ ಹೋಗಿ ನೋಡಿದರೆ, ಲೈನಿಂಗಿಗೆ ಹಾಕುವ ಬಿಳಿ ಬಟ್ಟೆಯಲ್ಲಿ ಎರಡು ಬ್ಲೌಸು ಹೊಲಿದು ಕಿಟಕಿಯ ಮೊಳೆಗೆ ತೂಗುಹಾಕಿದ್ದಳು. ಒಂದು ತೀರ ಚಿಕ್ಕದು, ಹೆಗಲು ಕಿರಿದು. ಕಾಲೇಜು ಮೆಟ್ಟಿಲು ಹತ್ತುವ ನನ್ನ ಹುಡುಗಿಯರಲ್ಲಿ ಯಾರಿಗಾದರೂ ಆದೀತು. ಇನ್ನೊಂದು ತುಸು ಮೈತುಂಬಿಕೊಂಡವಳದು.

"ಸೂಜಿ ಗುರುತು ನನ್ನ ಕಣ್ಣಾಗ ಅದಾವ ಅತ್ತಿ," ಅಂದಳು. "ನನಗಿಂತ ಮೊದಲು ಅದನ್ನ ತೊಟ್ಟಾವ್ರು ಹೆಂಗಿದ್ರು ಅಂತ ಯಾರಾದ್ರೂ ಹುಡುಕಿಕೊಂಡು ಬಂದ್ರ ಹೇಳಾಕ ಬೇಕಲ್ಲ. ಮಗಳು ಹಡಗಿನವನ ಹೆಂಡ್ತಿಯಾಗಿ ದೂರದ ಊರಾಗ ಸುಖವಾಗಿ ಅದಾಳ ಅಂತ ಅವ್ರ ಮನ್ಯಾಗೂ ಯಾರರ ಹೇಳಿಕೋಂತ ಕುಂತಿರ್ತಾರ."

ಅವ್ವ ಮಂಚದ ಮೇಲೆ ಕೂತು ಆ ಎರಡನ್ನೇ ನೋಡುತ್ತಿದ್ದಳು. ಅಂದಿನಿಂದ ಅವಳು ಮಂಗಳ ಹಾಡಿಲ್ಲ. ಹೊರಗೆ ಆಷಾಢದ ಗಾಳಿ ಜೋರಾಗಿತ್ತು. ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಆ ಬಿಳಿ ಬ್ಲೌಸುಗಳು ಉಬ್ಬಿ ಮತ್ತೆ ಇಳಿಯುತ್ತಿದ್ದವು. ಕೀರ್ತನಾ ಮೂರನೆಯ ತುಂಡು ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಕತ್ತರಿ ಹಿಡಿದು ಸುಮ್ಮನೆ ಕೂತಿದ್ದಳು.

"ಅದು ನಿನ್ನದೇನು?" ಎಂದು ಕೇಳಿದೆ.

"ಅಲ್ಲ. ನಾ ಇಲ್ಲೇ ಅದೀನಲ್ಲ," ಅಂದಳು. "ಇದು ನನ್ನ ನಂತರದಾಕಿದು. ಆಕಿ ಅಳತಿ ನನಗ ಗೊತ್ತಿಲ್ಲ."